ಮರೆಗುಳಿ ರೋಗಿಗಳ ಮನೆ ಆರೈಕೆ: ತರಬೇತಿ ಮತ್ತು ನೋಂದಣಿ ಕಡ್ಡಾಯವಾಗಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಸೆಪ್ಟೆಂಬರ್ 21ರ ವಿಶ್ವ ಅಲ್ಝೈಮರ್ಸ್ ದಿನದ ಆಸುಪಾಸಿನಲ್ಲಿ ಪತ್ರಿಕೆಗಳಲ್ಲಿ ಮರೆಗುಳಿ ರೋಗದ ಬಗ್ಗೆ ಉಪಯುಕ್ತ ಲೇಖನಗಳು ಬರುತ್ತವೆ. ರೋಗದ ಮೊದಲ ಲಕ್ಷಣಗಳು ಯಾವುವು, ಯಾವ ವೈದ್ಯರನ್ನು ಕಾಣಬೇಕು ಎಂಬುದನ್ನು ಅವು ತಿಳಿಸುತ್ತವೆ. ವೈದ್ಯರನ್ನು ಕಂಡು, ರೋಗ ಇದೇ ಎಂದು ಗೊತ್ತಾಗಿ, ಮಾತ್ರೆಯ ಚೀಟಿ ಹಿಡಿದು ಮನೆಗೆ ಮರಳಿದ ಮೇಲೆ ಮುಂದಿನ ವರ್ಷಗಳನ್ನು ಹೇಗೆ ಕಳೆಯಬೇಕು, ಆ ವರ್ಷಗಳಲ್ಲಿ ಮನೆಗೆ ಬಂದು ಆರೈಕೆ ಮಾಡುವವರು ಯಾರು, ಅವರಿಗೆ ಆ ಕೆಲಸ ಕಲಿಸಿದವರು ಯಾರು ಎಂಬ ಪ್ರಶ್ನೆಗಳು ಚರ್ಚೆಗೆ ಬರುವುದು ಅಪರೂಪ. ನನ್ನ ಅತ್ತೆಯವರಿಗೆ ಈಗ 83 ವರ್ಷ. ಅವರಿಗೆ ಅಲ್ಝೈಮರ್ಸ್ ಇದೆಯೆಂದು ತಿಳಿದು ಆರು ವರ್ಷಗಳಾದವು. ಈ ಅವಧಿಯಲ್ಲಿ ನಮ್ಮ ಮನೆಗೆ ಒಂಬತ್ತು ಮಂದಿ ಕೇರ್‌ಟೇಕರ್‌ಗಳು ಬಂದು ಹೋಗಿದ್ದಾರೆ. ಆ ಅನುಭವದ ಮೇಲೆ ಕೆಲವು ಮಾತುಗಳನ್ನು ಓದುಗರ ಮತ್ತು ಸರ್ಕಾರದ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಇದು ನಮ್ಮೊಬ್ಬರ ಮನೆಯ ಸಂಗತಿಯಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು, 60 ವರ್ಷ ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ಅಲ್ಝೈಮರ್ಸ್ ಸೇರಿದಂತೆ ಮರೆಗುಳಿ ರೋಗಗಳು) ಇದೆಯೆಂದು ಅಂದಾಜು ಮಾಡಿದೆ. ಪುರುಷರಿಗಿಂತ ಮಹಿಳೆಯರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚು ಎಂದೂ ಅದು ಹೇಳುತ್ತದೆ. ಆದರೆ ಹಳ್ಳಿಯಲ್ಲಿ ಇದಕ್ಕೆ ರೋಗವೆಂಬ ಹೆಸರೇ ಸಿಗುವುದಿಲ್ಲ. 'ವಯಸ್ಸಾಯಿತು, ಅರಳುಮರಳು' ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅತ್ತೆಯವರ ವಿಷಯದಲ್ಲಿ ನಾವೂ ಸುಮಾರು ಎರಡು ವರ್ಷ ಹಾಗೆಯೇ ಅಂದುಕೊಂಡಿದ್ದೆವು.

ಮನೆ ಆರೈಕೆಯಲ್ಲಿ ಕೌಶಲ ಎಂದರೆ ಏನು ಎಂಬುದನ್ನು ನಾನು ಒಂದೇ ಸಂಜೆಯ ಎರಡು ರೂಪಗಳಲ್ಲಿ ಕಂಡಿದ್ದೇನೆ. ಅತ್ತೆಯವರು ತೀರ್ಥಹಳ್ಳಿ ಸೀಮೆಯ ತೋಟದ ಮನೆಯಲ್ಲಿ ಬಾಳಿದವರು. ಹೊತ್ತು ಇಳಿಯುತ್ತಿದ್ದಂತೆ ಅವರಿಗೆ ಚಡಪಡಿಕೆ ಶುರುವಾಗುತ್ತದೆ. 'ಮನೆಗೆ ಹೋಗಬೇಕು, ಕರು ಕಟ್ಟಿಲ್ಲ, ಕತ್ತಲಾಯಿತು' ಎಂದು ಬಾಗಿಲ ಕಡೆಗೆ ಹೊರಡುತ್ತಾರೆ. ಸಂಜೆಯ ಹೊತ್ತು ಹೀಗೆ ಗೊಂದಲ ಹೆಚ್ಚುವುದು ಈ ರೋಗದಲ್ಲಿ ಸಾಮಾನ್ಯವೆಂದು ವೈದ್ಯರು ನಮಗೆ ಹೇಳಿದ್ದರು. ಏಜೆನ್ಸಿಯೊಂದು ಮೊದಲು ಕಳುಹಿಸಿದ ಹುಡುಗಿಗೆ ಅದನ್ನು ಯಾರೂ ಹೇಳಿರಲಿಲ್ಲ. 'ಇದೇ ನಿಮ್ಮ ಮನೆ ಅಜ್ಜಿ, ಯಾವ ಕರುವೂ ಇಲ್ಲ' ಎಂದು ಆಕೆ ವಾದ ಮಾಡುತ್ತಿದ್ದರು. ಅತ್ತೆಯವರ ದನಿ ಏರುತ್ತಿತ್ತು, ಆಕೆ ಬಾಗಿಲಿಗೆ ಚಿಲಕ ಹಾಕುತ್ತಿದ್ದರು, ಅತ್ತೆಯವರು ಬಾಗಿಲು ಬಡಿಯುತ್ತ ಅಳುತ್ತಿದ್ದರು. ಆ ಹುಡುಗಿ ಕೆಟ್ಟವರಲ್ಲ. ಇಪ್ಪತ್ತೊಂದು ವರ್ಷದ ಆಕೆ ಅದಕ್ಕೂ ಮೊದಲು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ನಮ್ಮ ಮನೆಗೆ ಬರುವ ಹಿಂದಿನ ದಿನ ಏಜೆನ್ಸಿಯವರು ಆಕೆಗೆ ಹೇಳಿಕೊಟ್ಟಿದ್ದು ಡೈಪರ್ ಬದಲಿಸುವುದನ್ನು ಮಾತ್ರ.

ಮೂರು ವರ್ಷಗಳ ನಂತರ ಬಂದವರು ಹಾನಗಲ್ ಕಡೆಯ ಒಬ್ಬ ಮಹಿಳೆ. ಬೆಂಗಳೂರಿನ ಡಿಮೆನ್ಷಿಯಾ ಆರೈಕೆ ಕೇಂದ್ರವೊಂದರಲ್ಲಿ ತರಬೇತಿ ಪಡೆದು ನಾಲ್ಕು ವರ್ಷ ದುಡಿದಿದ್ದವರು. ಮೊದಲ ಸಂಜೆ ಅತ್ತೆಯವರು ಬಾಗಿಲಿಗೆ ಹೊರಟಾಗ ಅವರು, 'ಹೌದ್ರೀ ಅಜ್ಜಿ, ಕರ ಕಟ್ಟಬೇಕು, ಬರ್ರಿ ನಾನೂ ಬರ್ತೀನಿ' ಎಂದು ಕೈಹಿಡಿದು ಅಂಗಳಕ್ಕೆ ಇಳಿದರು. ಕರು ಯಾವ ಬಣ್ಣದ್ದು, ಯಾವ ಹಸುವಿನದು ಎಂದು ಕೇಳುತ್ತ ಎರಡು ಸುತ್ತು ತಿರುಗಿದರು. ಹತ್ತು ನಿಮಿಷದಲ್ಲಿ ಇಬ್ಬರೂ ಒಳಗೆ ಬಂದು ಕಾಫಿ ಕುಡಿಯುತ್ತ ಕೂತಿದ್ದರು. ಮರುದಿನದಿಂದ ಅವರು ಸಂಜೆ ನಾಲ್ಕೂವರೆಗೇ ಕೋಣೆಯ ದೀಪ ಹಾಕಿ, ಅತ್ತೆಯವರ ಮುಂದೆ ಹತ್ತಿ ಇಟ್ಟು ದೇವರ ಬತ್ತಿ ಹೊಸೆಯಲು ಕೂರಿಸುತ್ತಿದ್ದರು. ಮಗನ ಹೆಸರು ಮರೆತಿದ್ದ ಆ ಬೆರಳುಗಳಿಗೆ ಬತ್ತಿ ಹೊಸೆಯುವುದು ಮರೆತಿರಲಿಲ್ಲ. ನಾನು ಮೂವತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದವಳು. ಕಲಿಸುವ ಕೆಲಸದ ಕಷ್ಟ ಬಲ್ಲವಳು. ಆ ಹತ್ತು ನಿಮಿಷದಲ್ಲಿ ನಾನು ನೋಡಿದ್ದು ಕಲಿತು ಪಳಗಿದ ಒಂದು ವಿದ್ಯೆಯನ್ನು ಎಂದು ಪ್ರಾಮಾಣಿಕವಾಗಿ ಹೇಳಬಲ್ಲೆ.

ಸ್ನಾನದ ವಿಷಯವೂ ಹೀಗೆಯೇ. ಪರಿಚಯವಿಲ್ಲದವರು ಬಂದು ಸೀರೆ ಬಿಚ್ಚಲು ತೊಡಗಿದರೆ ಯಾವ ಹೆಂಗಸಾದರೂ ಪ್ರತಿಭಟಿಸುತ್ತಾರೆ. ಅದನ್ನು 'ಪೇಷಂಟ್ ಹೊಡೆಯುತ್ತಾರೆ' ಎಂದು ಏಜೆನ್ಸಿಯವರು ಬರೆದುಕೊಂಡು ಹೆಚ್ಚು ಹಣ ಕೇಳಿದರು. ಹಾನಗಲ್ಲಿನವರು ಮೈಮೇಲೆ ಟವೆಲ್ ಹೊದಿಸಿ, ಬಿಸಿನೀರನ್ನು ಮೊದಲು ಪಾದಕ್ಕೆ, ಆಮೇಲೆ ಮೊಣಕಾಲಿಗೆ, ಕೊನೆಯಲ್ಲಿ ಮೈಗೆ ಹಾಕುತ್ತಿದ್ದರು. ಮುಂದೆ ಏನು ಮಾಡುತ್ತೇನೆ ಎಂಬುದನ್ನು ಪ್ರತಿ ಸಲವೂ ಮೊದಲೇ ಹೇಳುತ್ತಿದ್ದರು. ಹೊಡೆತ ನಿಂತಿತು.

ಕೌಶಲವಿಲ್ಲದಿದ್ದರೆ ಆಗುವುದು ಬರೀ ಕಿರಿಕಿರಿ ಎಂದು ಯಾರೂ ತಿಳಿಯಬಾರದು, ಜೀವಕ್ಕೇ ಅಪಾಯವಿದೆ. ಒಂದು ವಾರ ಅತ್ತೆಯವರು ಇದ್ದಕ್ಕಿದ್ದಂತೆ ರಾತ್ರಿಯಿಡೀ ಕೂಗಾಡತೊಡಗಿದರು, ಯಾರನ್ನೂ ಗುರುತಿಸದಾದರು. ಆಗ ಇದ್ದ ಕೇರ್‌ಟೇಕರ್ ಅದನ್ನು ಹಠವೆಂದು ಬಗೆದು, ನಮಗೆ ಹೇಳದೆ, ವೈದ್ಯರು ಬರೆದಿದ್ದಕ್ಕಿಂತ ಹೆಚ್ಚು ನಿದ್ರೆಯ ಮಾತ್ರೆ ಕೊಟ್ಟಿದ್ದರು. ಪರೀಕ್ಷೆ ಮಾಡಿಸಿದಾಗ ತಿಳಿದದ್ದು ಮೂತ್ರದ ಸೋಂಕು. ಮರೆಗುಳಿ ರೋಗವಿರುವವರಲ್ಲಿ ಒಂದೆರಡು ದಿನದಲ್ಲಿ ದಿಢೀರ್ ಬದಲಾವಣೆ ಕಂಡರೆ ಸೋಂಕು, ಮಲಬದ್ಧತೆ, ನೋವು ಅಥವಾ ಔಷಧದ ಪರಿಣಾಮ ಇದೆಯೇ ಎಂದು ಮೊದಲು ನೋಡಬೇಕು. 'ಹೊಟ್ಟೆ ನೋಯುತ್ತಿದೆ' ಎಂದು ಹೇಳುವ ಶಕ್ತಿ ಅವರಲ್ಲಿ ಉಳಿದಿರುವುದಿಲ್ಲ. ಇನ್ನು ರೋಗಿಯನ್ನು ಶಾಂತವಾಗಿಡಲು ಕೊಡುವ ಮನೋರೋಗದ ಕೆಲವು ಔಷಧಗಳು ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿಯೇ ಎಚ್ಚರಿಕೆ ನೀಡಿದೆ. ಊಟ ಮಾಡಿಸುವಾಗ ನೆಟ್ಟಗೆ ಕೂರಿಸಿ, ಸಣ್ಣ ತುತ್ತು ಕೊಟ್ಟು, ನುಂಗಿದ್ದನ್ನು ನೋಡಿಯೇ ಮುಂದಿನ ತುತ್ತು ಕೊಡಬೇಕು. ಇಲ್ಲವಾದರೆ ಅನ್ನ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಹಾಸಿಗೆ ಹಿಡಿದವರನ್ನು ಆಗಾಗ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಇವೆಲ್ಲ ಕೆಲವೇ ವಾರಗಳಲ್ಲಿ ಕಲಿಸಬಹುದಾದ ಸಂಗತಿಗಳು. ಕಲಿಸಬೇಕೆಂದು ಯಾವ ಏಜೆನ್ಸಿಗೂ ಅನ್ನಿಸಿಲ್ಲ ಎಂಬುದು ನಮ್ಮ ಅನುಭವ.

ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಾವು ಏಜೆನ್ಸಿಗೆ ತಿಂಗಳಿಗೆ 26,000 ರೂಪಾಯಿ ಕೊಡುತ್ತಿದ್ದೆವು. ಹಗಲು ರಾತ್ರಿ ನಮ್ಮಲ್ಲೇ ಇದ್ದು ದುಡಿಯುತ್ತಿದ್ದ ಹೆಣ್ಣುಮಗಳ ಕೈಗೆ ಸೇರುತ್ತಿದ್ದುದು 15,000. ವಾರದ ರಜೆ ಇಲ್ಲ, ಇಎಸ್‌ಐ ಇಲ್ಲ, ಭವಿಷ್ಯನಿಧಿ ಇಲ್ಲ. ರಾತ್ರಿ ನಾಲ್ಕು ಸಲ ಏಳಬೇಕಾದವರಿಗೆ ಹಗಲು ನಿದ್ರೆ ಮಾಡುವ ಅವಕಾಶವನ್ನೂ ಕರಾರು ಕೊಡುವುದಿಲ್ಲ. ಹೀಗಿರುವಾಗ ಅವರು ಎರಡು ಮೂರು ತಿಂಗಳಿಗೆ ಬಿಟ್ಟು ಹೋಗುವುದರಲ್ಲಿ ಆಶ್ಚರ್ಯವೇನಿದೆ? ಆದರೆ ಈ ರೋಗದಲ್ಲಿ ಆಳು ಬದಲಾಗುವುದೇ ಒಂದು ಪೆಟ್ಟು. ಒಂದು ಮುಖ, ಒಂದು ದನಿ, ಕಾಫಿ ಕೊಡುವ ಒಂದು ಹೊತ್ತು ಇವಕ್ಕೆ ಒಗ್ಗಿಕೊಳ್ಳಲು ಅತ್ತೆಯವರಿಗೆ ತಿಂಗಳು ಹಿಡಿಯುತ್ತದೆ. ಒಗ್ಗಿಕೊಂಡ ವಾರದಲ್ಲಿ ಹೊಸಬರು ಬಂದಿರುತ್ತಾರೆ. ಆರೈಕೆದಾರರಿಗೆ ಆಗುವ ಅನ್ಯಾಯ ಹೀಗೆ ನೇರವಾಗಿ ರೋಗಿಯ ಮೇಲೆ ಬಂದು ಬೀಳುತ್ತದೆ. ಕಡಿಮೆ ಹಣಕ್ಕೆ ಆಳು ಸಿಕ್ಕರೆ ಸಾಕು ಎಂದು ಚೌಕಾಸಿ ಮಾಡುವ ನಮ್ಮಂಥ ಕುಟುಂಬಗಳೂ ಇದನ್ನು ಯೋಚಿಸಬೇಕು.

ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ಪ್ರಾಯೋಗಿಕವಾಗಿ ಬೆಂಗಳೂರು ನಗರದ ದಕ್ಷಿಣ ಭಾಗ, ಕೋಲಾರ ಮತ್ತು ಚಿಕ್ಕಬಳ್ಳಾಪುರಗಳಲ್ಲಿ ಆರಂಭಿಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ಮಿದುಳು ಆರೋಗ್ಯ ಕ್ಲಿನಿಕ್, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಎಂಬ ಅದರ ವಿಚಾರ ತುಂಬ ಒಳ್ಳೆಯದು. ಹಿರಿಯ ನಾಗರಿಕರಿಗೆ 14567, ಮಾನಸಿಕ ಆರೋಗ್ಯಕ್ಕೆ 14416 ಎಂಬ ಉಚಿತ ಸಹಾಯವಾಣಿಗಳಿವೆ. ರೋಗ ಪತ್ತೆ ಮಾಡುವ ಮತ್ತು ಸಲಹೆ ಹೇಳುವ ಕೊಂಡಿಗಳು ಮೆಲ್ಲಗೆ ಜೋಡಣೆಯಾಗುತ್ತಿವೆ. ಮನೆಯೊಳಗೆ ಬಂದು ಕೈಹಿಡಿಯುವ ಕೊಂಡಿ ಮಾತ್ರ ಇಲ್ಲ.

ಅದಕ್ಕೆ ಕಾನೂನಿನ ಆಧಾರವಿಲ್ಲವೆಂದೂ ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ನೆನಪಿನ ಗಂಭೀರ ತೊಂದರೆಯನ್ನೂ ಸೇರಿಸಿದೆ. ಕುಟುಂಬಕ್ಕೆ ನೆರವು ಮತ್ತು ಮನೆಯಲ್ಲಿಯೇ ಪುನಶ್ಚೇತನ ಒದಗಿಸುವ ಸೇವೆಗಳನ್ನು ಸರ್ಕಾರದ ಹೊಣೆಗಳಲ್ಲಿ ಎಣಿಸಿದೆ. ಪಾಲಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಗೆ ತಿದ್ದುಪಡಿ ತರಲು 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆಯಲ್ಲಿ, ಹಿರಿಯರಿಗೆ ಮನೆ ಆರೈಕೆ ಒದಗಿಸುವ ಸಂಸ್ಥೆಗಳು ನೋಂದಾಯಿಸಿಕೊಳ್ಳಬೇಕು, ತರಬೇತಿ ಪಡೆದವರನ್ನೇ ನೇಮಿಸಬೇಕು ಎಂಬ ಅಂಶಗಳಿದ್ದವು. ಸ್ಥಾಯಿ ಸಮಿತಿಗೆ ಹೋದ ಆ ಮಸೂದೆ ಅಂಗೀಕಾರವಾಗದೆ, 17ನೇ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ಕೇಂದ್ರದಲ್ಲಿ ಕೈಬಿಟ್ಟುಹೋದ ಆ ಎರಡು ಅಂಶಗಳನ್ನು ನಮ್ಮ ರಾಜ್ಯವೇ ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಮುಖ್ಯ ಬೇಡಿಕೆ. ಏಜೆನ್ಸಿಯ ನೋಂದಣಿ, ಕಳುಹಿಸುವವರ ತರಬೇತಿಯ ಪ್ರಮಾಣಪತ್ರ, ಕೈಗೆ ಸೇರುವ ಕನಿಷ್ಠ ವೇತನ, ವಾರಕ್ಕೊಂದು ರಜೆ, ದೂರು ಕೊಡಲು ಜಿಲ್ಲಾಮಟ್ಟದಲ್ಲಿ ಒಬ್ಬ ಅಧಿಕಾರಿ: ಇಷ್ಟಿದ್ದರೆ ಅರ್ಧ ಸಂಕಟ ಕಳೆಯುತ್ತದೆ.

ಹಣದ ಮಾತು ಬಂದಾಗ ಒಂದು ವಿವರ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ವಿನಾಯಿತಿಗೆ ಅರ್ಹವಾದ ನರರೋಗಗಳ ಪಟ್ಟಿಯಲ್ಲಿ ಡಿಮೆನ್ಷಿಯಾ ಸೇರಿದೆ. ಆದರೆ ಅದು ಚಿಕಿತ್ಸೆಯ ವೆಚ್ಚಕ್ಕೆ. ಆರೋಗ್ಯ ವಿಮೆಗಳು ಮುಖ್ಯವಾಗಿ ಆಸ್ಪತ್ರೆಗೆ ಸೇರಿದಾಗಿನ ಖರ್ಚನ್ನು ನೋಡುತ್ತವೆ. ಮರೆಗುಳಿ ರೋಗಕ್ಕೆ ಮಾತ್ರೆಯ ಖರ್ಚು ದೊಡ್ಡದಲ್ಲ, ಆಸ್ಪತ್ರೆವಾಸವೂ ಅಪರೂಪ. ಖರ್ಚೆಲ್ಲ ಆರೈಕೆ ಮಾಡುವ ಮನುಷ್ಯರದು. ನಾವು ಪಿಂಚಣಿಯಿಂದ ಹೇಗೋ ಭರಿಸುತ್ತೇವೆ. ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಪಿಂಚಣಿಯನ್ನೇ ನೆಚ್ಚಿದ ಮನೆಯಲ್ಲಿ ಸೊಸೆಯೋ ಮಗಳೋ ಕೂಲಿ ಬಿಟ್ಟು ಮನೆಯಲ್ಲಿ ಕೂರಬೇಕಾಗುತ್ತದೆ, ಇಲ್ಲವೇ ಹಿರಿಯರನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗಬೇಕಾಗುತ್ತದೆ. ಹೀಗೆ ಬೀಗ ಹಾಕಿದ ಎರಡು ಮನೆಗಳನ್ನು ನಾನು ನಮ್ಮ ಬಡಾವಣೆಯ ಹಿಂದಿನ ಕೇರಿಯಲ್ಲಿಯೇ ಬಲ್ಲೆ. ಬೀಗ ಹಾಕಿದವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ಪಕ್ಕದ ಕೇರಳ 2008ರಲ್ಲಿಯೇ ಉಪಶಮನ ಆರೈಕೆಗೆ (ಗುಣವಾಗದ ರೋಗಿಗಳ ನೋವು, ಸಂಕಟ ತಗ್ಗಿಸುವ ಆರೈಕೆಗೆ) ನೀತಿಯೊಂದನ್ನು ರೂಪಿಸಿ, ಸ್ಥಳೀಯ ಸಂಸ್ಥೆಗಳ ಮೂಲಕ ನರ್ಸ್‌ಗಳು ಹಾಸಿಗೆ ಹಿಡಿದವರ ಮನೆಗೇ ಹೋಗುವ ವ್ಯವಸ್ಥೆ ಮಾಡಿಕೊಂಡಿದೆ. ನಮ್ಮಲ್ಲಿಯೂ ಆಶಾ ಕಾರ್ಯಕರ್ತೆಯರು ಮನೆ ಮನೆ ಬಲ್ಲವರು. ತರಬೇತಿ ಪಡೆದ ಒಬ್ಬ ನರ್ಸ್ ತಿಂಗಳಿಗೊಮ್ಮೆ ಬಂದು, ಮಾತ್ರೆ, ಚರ್ಮ, ಮಲಮೂತ್ರ, ತೂಕ ಇವಿಷ್ಟನ್ನು ನೋಡಿ, ಆರೈಕೆ ಮಾಡುತ್ತಿರುವವರ ಜೊತೆ ಅರ್ಧ ಗಂಟೆ ಮಾತಾಡಿದರೂ ಬಡ ಮನೆಗಳಿಗೆ ಅದು ದೊಡ್ಡ ಆಸರೆ.

ನಾವು ಮಾಡಿಕೊಂಡ ಒಂದು ಸಣ್ಣ ಏರ್ಪಾಟು ಬೇರೆಯವರಿಗೂ ಉಪಯೋಗವಾಗಬಹುದು. ಐದನೆಯ ಕೇರ್‌ಟೇಕರ್ ಬಿಟ್ಟು ಹೋದ ಮೇಲೆ ನಾನು ನೂರು ಪುಟದ ನೋಟ್‌ಬುಕ್ ಒಂದನ್ನು ಇಟ್ಟೆ. ಅತ್ತೆಯವರ ತವರು ಯಾವುದು, ಅವರನ್ನು ಏನೆಂದು ಕರೆದರೆ ತಿರುಗುತ್ತಾರೆ, ಸಂಜೆಯ ಚಡಪಡಿಕೆಗೆ ಏನು ಮಾಡಬೇಕು, ಯಾವ ಹಾಡಿಗೆ ತಾವೂ ದನಿಗೂಡಿಸುತ್ತಾರೆ, ಯಾವ ಮಾತಿಗೆ ಅಳುತ್ತಾರೆ, ಸಾರನ್ನ ಎಷ್ಟು ತೆಳುವಾಗಿರಬೇಕು ಎಂಬುದೆಲ್ಲ ಅದರಲ್ಲಿದೆ. ಹಾನಗಲ್ಲಿನವರು ತಾವು ಕಂಡುಕೊಂಡದ್ದನ್ನೂ ಅದಕ್ಕೆ ಸೇರಿಸುತ್ತ ಬಂದರು. ಹೊಸಬರು ಬಂದಾಗ ನಾವು ಮೊದಲು ಕೈಗೆ ಕೊಡುವುದು ಅದನ್ನೇ. ನೋಂದಾಯಿತ ಏಜೆನ್ಸಿಗಳು ಪ್ರತಿ ಮನೆಯಲ್ಲೂ ಇಂಥ ಪುಸ್ತಕ ಇಡುವುದನ್ನು ನಿಯಮವಾಗಿಸಬೇಕು.

ಮೆಗ್ಗಾನ್‌ನಂಥ ಬೋಧನಾ ಆಸ್ಪತ್ರೆ ಇರುವ ನಮ್ಮ ಊರಿನಲ್ಲಿ ಮೂರು ತಿಂಗಳ ಮನೆ ಆರೈಕೆ ತರಬೇತಿಯನ್ನು ಇಪ್ಪತ್ತು ಮಂದಿಗೆ ಆರಂಭಿಸುವುದು ಜಿಲ್ಲಾಡಳಿತಕ್ಕೆ ಕಷ್ಟದ ಕೆಲಸವಲ್ಲ. ಹೀಗೊಂದು ತರಗತಿ ಶುರುವಾದರೆ ನಮ್ಮ ಮನೆಯ ನೋಟ್‌ಬುಕ್ಕಿನ ಪ್ರತಿಯೊಂದನ್ನು ಕೊಡಲು, ವಾರಕ್ಕೊಂದು ದಿನ ಬಂದು ಕುಟುಂಬದವರ ಕಡೆಯಿಂದ ಪಾಠ ಹೇಳಲು ನಾನು ಸಿದ್ಧಳಿದ್ದೇನೆ. ಹಾನಗಲ್ಲಿನವರನ್ನೂ ಕೇಳಿದ್ದೇನೆ, ಗೌರವಧನ ಕೊಡುವುದಾದರೆ ಅವರೂ ಬರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಶಿವಮೊಗ್ಗ
(ಅತ್ತೆಯವರ ಖಾಸಗಿತನದ ದೃಷ್ಟಿಯಿಂದ ನನ್ನ ಹೆಸರನ್ನು ಪ್ರಕಟಿಸಬಾರದಾಗಿ ವಿನಂತಿ.)