ನಾನೂರು ಸುತ್ತು: ಗ್ಯಾರೇಜಿನ ಗೆಳೆಯನಿಗೊಂದು ಪತ್ರ

ಶಾರ್ಲೆಟ್, ನಾರ್ತ್ ಕೆರೊಲಿನಾ
31 ಮೇ 2025

ಪ್ರೀತಿಯ ಮೇಸ್ತ್ರಿ,

ಕಾರ್ ರೇಸ್ ನೋಡೋಕೆ ಹೋಗ್ತೀನಿ ಅಂದಿದ್ದಕ್ಕೆ ಹೋದ ಸಲ ಫೋನಿನಲ್ಲಿ ನೀನು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. "ಗಾಣದೆತ್ತು ಸುತ್ತೋದನ್ನ ನೋಡೋಕೆ ದುಡ್ಡು ಕೊಟ್ಟು ಹೋಗ್ತೀಯೇನೋ?" ಅಂದೆ. ಆವತ್ತು ಉತ್ತರ ಇರಲಿಲ್ಲ. ನಾನೂ ಹಾಗೇ ಅಂದುಕೊಂಡಿದ್ದವನು ತಾನೆ. ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ಆ ಕಡೆ ತಲೆ ಹಾಕಿರಲಿಲ್ಲ. ಈ ಸಲ ಆಫೀಸಿನವನೊಬ್ಬ ಬಿಡದೆ ಎಳೆದುಕೊಂಡು ಹೋದ. ಹೋದ ಭಾನುವಾರ, ಕೋಕಾ-ಕೋಲಾ 600 ಅನ್ನೋ ರೇಸಿಗೆ.

ಟ್ರ್ಯಾಕ್ ಇರುವುದು ಪಕ್ಕದ ಕಾಂಕರ್ಡ್ ಊರಿನಲ್ಲಿ. ಒಂದು ಸುತ್ತು ಒಂದೂವರೆ ಮೈಲಿ. ಅಂಥ ನಾನೂರು ಸುತ್ತು, ಒಟ್ಟು 600 ಮೈಲಿ. ಅಂದರೆ ಹೆಚ್ಚುಕಮ್ಮಿ ಬೆಂಗಳೂರಿನಿಂದ ಮುಂಬೈಗೆ ಹೋದಷ್ಟು. ನಲವತ್ತು ಕಾರು, ಎಲ್ಲಾ ಎಡಕ್ಕೇ ತಿರುಗುವುದು. ತಿರುವುಗಳಲ್ಲಿ ರಸ್ತೆ 24 ಡಿಗ್ರಿ ವಾಲಿಕೊಂಡಿರುತ್ತದೆ. ಟಿವಿಯಲ್ಲಿ ಅದು ಗೊತ್ತೇ ಆಗಲ್ಲ. ಎದುರಿಗೆ ನಿಂತು ನೋಡಿದರೆ ದೊಡ್ಡ ಬಾಣಲೆಯ ಅಂಚು ನೋಡಿದ ಹಾಗೆ. ಜಾತ್ರೆಯಲ್ಲಿ ಮರದ ಬಾವಿಯೊಳಗೆ ಬೈಕ್ ಓಡಿಸುತ್ತಿದ್ದರಲ್ಲ, ನೀನು ಮೂರು ಸಲ ಟಿಕೆಟ್ ತಗೊಂಡು ನೋಡಿದ್ದೆ, ಅದೇ ನೆನಪಾಯಿತು.

ಊಟ ಕಟ್ಟಿಕೊಂಡು ಹೋಗಬಹುದು, ಯಾರೂ ಬೇಡ ಅನ್ನಲ್ಲ. ನಮ್ಮವಳು ಪುಳಿಯೋಗರೆ ಕಲೆಸಿ ಕೊಟ್ಟಿದ್ದಳು. ಪಕ್ಕದಲ್ಲಿದ್ದ ಅಜ್ಜ ಒಂದು ತುತ್ತು ತಿಂದು ನೋಡಿ, ಅರ್ಧ ಡಬ್ಬಿ ಖಾಲಿ ಮಾಡಿದ.

ಈಗ ನಿನಗೆ ಬೇಕಾದ ವಿಷಯಕ್ಕೆ ಬರ್ತೀನಿ. ಇವನ್ನ ಸ್ಟಾಕ್ ಕಾರ್, ಅಂದರೆ ಅಂಗಡಿಯಿಂದ ತಂದ ಹಾಗೇ ಇರುವ ಕಾರು, ಅನ್ನೋದು ಬರೀ ಹೆಸರಿಗೆ. ಮೂತಿ ನೋಡಿದರೆ ಟೊಯೋಟಾ ಕ್ಯಾಮ್ರಿ, ಫೋರ್ಡ್ ಮಸ್ಟಾಂಗ್. ಹತ್ತಿರ ಹೋದರೆ ಹೆಡ್‌ಲೈಟ್ ಇಲ್ಲ ಮಾರಾಯ, ಸ್ಟಿಕ್ಕರ್! ಬಾಗಿಲೂ ತೆರೆಯಲ್ಲ, ಡ್ರೈವರ್ ಕಿಟಕಿಯಲ್ಲಿ ತೂರಿ ಒಳಗೆ ಹೋಗಬೇಕು. ಸ್ಪೀಡೋಮೀಟರ್ ಕೂಡ ಇಲ್ಲ. ಬಾನೆಟ್ ಕೆಳಗೆ 5.8 ಲೀಟರಿನ ವಿ8, ಟರ್ಬೊ ಗಿರ್ಬೊ ಏನೂ ಇಲ್ಲ, ಸುಮಾರು 670 ಹಾರ್ಸ್‌ಪವರ್. ನಲವತ್ತೂ ಒಟ್ಟಿಗೆ ಎದುರಿಗೆ ಹಾದು ಹೋದಾಗ ಸದ್ದು ಕಿವಿಗಲ್ಲ, ಎದೆಗೂಡಿಗೆ ಬಡಿಯುತ್ತದೆ. ಕೈಯಲ್ಲಿದ್ದ ನೀರಿನ ಬಾಟಲಿ ನಡುಗಿತು.

ಮೊದಲ ಐವತ್ತು ಸುತ್ತು ನಿನ್ನ ಗಾಣದೆತ್ತೇ. ಆಕಳಿಕೆ ಬಂತು ಅಂತ ಒಪ್ಪಿಕೊಳ್ತೀನಿ. ಆಮೇಲೆ ಸ್ನೇಹಿತ ಬಾಡಿಗೆಗೆ ತಂದಿದ್ದ ರೇಡಿಯೊವನ್ನು ನನ್ನ ಕಿವಿಗೆ ಹಾಕಿದ. ಡ್ರೈವರೂ ಅವನ ಮೆಕ್ಯಾನಿಕ್‌ಗಳೂ ಮಾತಾಡುವುದೆಲ್ಲ ಅದರಲ್ಲಿ ಕೇಳುತ್ತದೆ. ಮೇಲೆ ಛಾವಣಿಯಲ್ಲಿ ಪ್ರತಿ ಕಾರಿಗೂ ಒಬ್ಬ ನಿಂತಿರುತ್ತಾನೆ. ಪಕ್ಕದಲ್ಲಿ ಯಾರಿದ್ದಾರೆ, ಜಾಗ ಇದೆಯಾ ಇಲ್ವಾ ಅಂತ ಹೇಳುತ್ತಲೇ ಇರುತ್ತಾನೆ. ನಮ್ಮ ಬಸ್ಸಿನ ಕ್ಲೀನರ್ "ಬರ್ಲಿ ಬರ್ಲಿ, ರೈಟ್" ಅನ್ನುವ ಹಾಗೆ. ಡ್ರೈವರ್‌ಗಳದ್ದು ಮಾತ್ರ ಎರಡೇ ದೂರು: ಕಾರು ಟೈಟ್ ಇದೆ, ಇಲ್ಲಾಂದ್ರೆ ಲೂಸ್ ಇದೆ. ಟೈಟ್ ಅಂದರೆ ಮೂತಿ ತಿರುಗಲ್ಲ, ಗೋಡೆ ಕಡೆಗೇ ಹೋಗುತ್ತದೆ. ಲೂಸ್ ಅಂದರೆ ಹಿಂಭಾಗ ಜಾರುತ್ತದೆ.

ಈ ರೇಸಿನ ಗುಟ್ಟೇ ಅಲ್ಲಿದೆ ಕಣೋ. ಶುರುವಾಗುವುದು ಸಂಜೆ ಆರರ ಮೇಲೆ, ಬಿಸಿಲಲ್ಲಿ. ಮುಗಿಯುವುದು ರಾತ್ರಿ, ದೀಪದ ಬೆಳಕಲ್ಲಿ. ಹೊತ್ತು ಮುಳುಗಿದ ಮೇಲೆ ಟಾರು ತಣ್ಣಗಾಗುತ್ತದೆ, ಹಿಡಿತ ಬದಲಾಗುತ್ತದೆ. ಆರು ಗಂಟೆಗೆ ಬೆಣ್ಣೆಯ ಹಾಗೆ ತಿರುಗುತ್ತಿದ್ದ ಕಾರು ಒಂಬತ್ತಕ್ಕೆ ಮೊಂಡು ಬೀಳುತ್ತದೆ. ಹಾಗಾಗಿ ರಿಪೇರಿ ಮುಗಿಯುವುದೇ ಇಲ್ಲ. ಕಾರು ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದ ರಿಪೇರಿ ಜಾಗಕ್ಕೆ, ಬಂದು ನಿಂತ ತಕ್ಷಣ ಐದು ಜನ ಗೋಡೆ ಹಾರುತ್ತಾರೆ. ಒಬ್ಬನ ಕೈಯಲ್ಲಿ ಜಾಕು. ಒಂದೇ ಒತ್ತಿಗೆ ಬಲಗಡೆ ಪೂರ್ತಿ ಮೇಲೆ. ಚಕ್ರಕ್ಕೆ ನಡುವೆ ಒಂದೇ ನಟ್ಟು. ಬಲಗಡೆ ಎರಡು ಟೈರ್ ಹಾಕಿ, ಓಡಿ ಎಡಕ್ಕೆ ಬಂದು ಇನ್ನೆರಡು. ಅಷ್ಟರಲ್ಲಿ ಇನ್ನೊಬ್ಬ ಹೆಗಲ ಮೇಲೆ ಕ್ಯಾನು ಹೊತ್ತು ಪೆಟ್ರೋಲ್ ಸುರಿಯುತ್ತಿರುತ್ತಾನೆ. ಪಂಪಿಲ್ಲ, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಎಲ್ಲಾ ಸೇರಿ ಹತ್ತು ಸೆಕೆಂಡು. ನಿನ್ನ ಹುಡುಗ ಸ್ಪ್ಯಾನರ್ ಹುಡುಕೋಕೆ ಎಷ್ಟು ಹೊತ್ತು ತಗೋತಾನೆ ಹೇಳು!

ನೀನು ನೋಡಲೇಬೇಕಾಗಿದ್ದು ಇನ್ನೊಂದು. ಹಿಂದಿನ ಗಾಜಿನಲ್ಲಿ ಒಂದು ತೂತು. ಅದರೊಳಗೆ ಉದ್ದನೆಯ ರಾಡು ತೂರಿಸಿ ಒಂದು ಸುತ್ತೋ ಅರ್ಧ ಸುತ್ತೋ ತಿರುಗಿಸುತ್ತಾರೆ. ಸ್ಪ್ರಿಂಗಿನ ಒತ್ತಡ ಬದಲಾಗಿ, ಯಾವ ಚಕ್ರದ ಮೇಲೆ ಎಷ್ಟು ಭಾರ ಅನ್ನುವುದು ಬದಲಾಗುತ್ತದೆ. ಟೈಟ್ ಇದ್ದ ಕಾರು ತಿರುಗಲು ಶುರು ಮಾಡುತ್ತದೆ.

ಸ್ಪ್ರಿಂಗ್ ಅಂದಾಗ ನೆನಪಾಯಿತು. ಈ ಆಟದ ಮೂಲವೇ ಕಳ್ಳಭಟ್ಟಿಯಲ್ಲಿದೆ. ಪೊಲೀಸರಿಂದ ತಪ್ಪಿಸಿಕೊಂಡು ರಾತ್ರಿ ಬೆಟ್ಟದ ದಾರಿಯಲ್ಲಿ ಸಾರಾಯಿ ಸಾಗಿಸಲು ಕಾರುಗಳನ್ನು ಬಲ ಮಾಡುತ್ತಿದ್ದರಲ್ಲ, ಅವರಲ್ಲಿ ಕೆಲವರು ಮುಂದೆ ರೇಸಿಗೆ ಇಳಿದರು. 1949ರ ಜೂನ್‌ನಲ್ಲಿ ಇದೇ ಶಾರ್ಲೆಟ್‌ನ ಒಂದು ಮಣ್ಣಿನ ಟ್ರ್ಯಾಕಿನಲ್ಲಿ, ಅಂಗಡಿಯಿಂದ ತಂದ ಹಾಗೇ ಇರುವ ಕಾರುಗಳಿಗೆ ಅಂತ ಈ ರೇಸುಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆ ಮೊದಲ ರೇಸ್ ಇಟ್ಟಿತು. ಗ್ಲೆನ್ ಡನವೇ ಮೊದಲು ಬಂದ. ಆಮೇಲೆ ಪರೀಕ್ಷೆ ಮಾಡಿದರೆ ಹಿಂದಿನ ಸ್ಪ್ರಿಂಗ್‌ಗೆ ಕೈ ಹಾಕಿದ್ದಾರೆ! ಭಟ್ಟಿ ಸಾಗಿಸುವವರ ಉಪಾಯ. ಅವನನ್ನು ಹೊರಗಿಟ್ಟು, ಎರಡನೆಯವನಾದ ಜಿಮ್ ರೋಪರ್‌ಗೆ ಗೆಲುವು ಕೊಟ್ಟರು. ಅಂದು ತಪ್ಪಾಗಿದ್ದ ಕೆಲಸವನ್ನು ಇಂದು ಎಲ್ಲರ ಎದುರಿಗೇ ಮಾಡುತ್ತಾರೆ ನೋಡು.

ಇನ್ನೂರು ಸುತ್ತು ಮುಗಿದಾಗ ಎಲ್ಲಾ ಕಾರನ್ನೂ ಪಿಟ್‌ಗೆ ಕರೆದು ಇಂಜಿನ್ ಆರಿಸಿದರು. ತೀರಿಕೊಂಡ ಸೈನಿಕರನ್ನು ನೆನೆಯುವ ವಾರಾಂತ್ಯ ಅದು. ಮುಂದಿನ ಗಾಜಿನ ಮೇಲೆ ಡ್ರೈವರ್ ಹೆಸರಿರುವ ಜಾಗದಲ್ಲಿ ಅಂಥ ಒಬ್ಬ ಸೈನಿಕನ ಹೆಸರು. ಎರಡು ಗಂಟೆ ಅಷ್ಟು ಗದ್ದಲ ಕೇಳಿದ ಮೇಲೆ ಆ ಮೌನ ಎಷ್ಟು ದೊಡ್ಡದಾಗಿತ್ತೆಂದರೆ, ಎಲ್ಲೋ ಮಗು ಅಳುವುದು ಕೇಳಿಸಿತು. ಅಜ್ಜ ಟೋಪಿ ತೆಗೆದು ನಿಂತಿದ್ದ.

ಕೈಲ್ ಲಾರ್ಸನ್ ಅನ್ನುವವನು ಆವತ್ತೇ ಮಧ್ಯಾಹ್ನ ಇಂಡಿಯಾನಾಪೊಲಿಸ್‌ನ 500 ಮೈಲಿ ರೇಸಿಗೆ ಇಳಿದು, ಅಲ್ಲಿ ಗುದ್ದಿಸಿ, ವಿಮಾನದಲ್ಲಿ ಇಲ್ಲಿಗೆ ಬಂದು, ಇಲ್ಲೂ ಗುದ್ದಿಸಿದ. ಪಾಪ. ವಿಲಿಯಂ ಬೈರನ್ ಮಾತ್ರ ಯಾರಿಗೂ ಸಿಗಲಿಲ್ಲ. ನಾನೂರರಲ್ಲಿ 283 ಸುತ್ತು ಅವನೇ ಮುಂದೆ. ನಾವೂ ಅವನೇ ಅಂದುಕೊಂಡು ಡಬ್ಬಿ ಮುಚ್ಚುತ್ತಿದ್ದೆವು.

ಆದರೆ ರಾಸ್ ಚಾಸ್ಟೇನ್ ಅಂತ ಒಬ್ಬನಿದ್ದ. ಶನಿವಾರ ಅಭ್ಯಾಸದಲ್ಲೇ ಕಾರು ಗೋಡೆಗೆ ಹೊಡೆದು ಕೆಟ್ಟಿತ್ತು. ಅವನ ಕಡೆಯವರು ತಡರಾತ್ರಿಯವರೆಗೆ ಕೂತು ಇನ್ನೊಂದು ಕಾರು ಕಟ್ಟಿದರು. ಹಾಗಾಗಿ ಅವನು ಹೊರಟಿದ್ದು ನಲವತ್ತನೆಯವನಾಗಿ, ಎಲ್ಲರಿಗಿಂತ ಕೊನೆಗೆ. ಒಬ್ಬೊಬ್ಬರನ್ನೇ ದಾಟುತ್ತಾ ಬಂದು, ಆರು ಸುತ್ತು ಬಾಕಿ ಇದ್ದಾಗ ಬೈರನ್‌ನನ್ನೂ ದಾಟಿಬಿಟ್ಟ. ನಾನು ಯಾವಾಗ ಎದ್ದು ಬೆಂಚಿನ ಮೇಲೆ ನಿಂತೆನೋ ಗೊತ್ತಿಲ್ಲ. ಒಂದು ದಿನ ಮೊದಲು ಹೆಸರೂ ಗೊತ್ತಿಲ್ಲದವನಿಗಾಗಿ ಗಂಟಲು ಹರಿದುಕೊಂಡೆ. ರಾತ್ರಿಯೆಲ್ಲ ಕಾರಿನ ಕೆಳಗೆ ಮಲಗಿ ಕೆಲಸ ಮಾಡುವವರನ್ನು ನಿನ್ನ ಗ್ಯಾರೇಜಿನಲ್ಲಿ ನೋಡಿದ್ದೀನಲ್ಲ, ಅದಕ್ಕೇ ಇರಬೇಕು.

ಅವನ ಮನೆಯವರು ಫ್ಲಾರಿಡಾದ ಕಲ್ಲಂಗಡಿ ರೈತರು. ಗೆದ್ದಾಗೆಲ್ಲ ಕಲ್ಲಂಗಡಿ ಒಡೆಯುವುದು ಅವನ ಪದ್ಧತಿ. ಕಾರಿನ ಮೇಲೆ ಹತ್ತಿ, ಹಣ್ಣನ್ನು ಎರಡೂ ಕೈಯಲ್ಲಿ ಎತ್ತಿ ಟಾರಿಗೆ ಬಡಿದ. ಥೇಟ್ ಆಯುಧಪೂಜೆ ದಿನ ನೀನು ಗ್ಯಾರೇಜ್ ಮುಂದೆ ಬೂದುಗುಂಬಳಕಾಯಿ ಒಡೆಯುವ ಹಾಗೆ. ಅಜ್ಜನಿಗೆ ಅದನ್ನು ವಿವರಿಸಲು ಹೋದೆ, ಕಿವಿ ಗುಯ್ ಅನ್ನುತ್ತಿದ್ದರಿಂದ ಇಬ್ಬರಿಗೂ ಏನೂ ಕೇಳಿಸಲಿಲ್ಲ.

ಮುಂದಿನ ವರ್ಷ ಮೇ ತಿಂಗಳಿಗೆ ವೀಸಾ ಮಾಡಿಸು. ರೇಡಿಯೊ ಬಾಡಿಗೆ ನನ್ನದು. ಆ ಹಳೇ ಅಂಬಾಸಿಡರ್ ಸ್ಟಾರ್ಟ್ ಆಯ್ತಾ ಇಲ್ವಾ, ಬರಿ.

ನಿನ್ನ,
ಗಾಣದೆತ್ತು ನೋಡಿ ಬಂದವನು