ಓಣಿಗೊಬ್ಬ ನಾಯಕರು: ಬೆಟಗೇರಿಯ ಗೆಳೆಯನಿಗೊಂದು ಪತ್ರ

ಬೆಂಗಳೂರು
ಜುಲೈ 2021

ಪ್ರಿಯ ಗೆಳೆಯಾ,

ಕರ್ತನ ನಾಮದಲ್ಲಿ ವಂದನೆಗಳು. ನಿಮ್ಮ ಚರ್ಚಿನ ಸಭಾನಾಯಕರ ತರಬೇತಿ ಶಿಬಿರವನ್ನು ಈ ವರ್ಷವೂ ಮುಂದೂಡಬೇಕೇ, ಇಲ್ಲವೇ ಜೂಮ್‌ನಲ್ಲಿ ಮಾಡಿ ಮುಗಿಸಬೇಕೇ ಎಂದು ಕೇಳಿದ್ದೀಯ. ಎರಡೂ ಬೇಡ ಎನ್ನುತ್ತೇನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದು. ಪ್ರಸಂಗ ಮಾಡುವವರಿಗೆ ಇನ್ನೊಬ್ಬರ ಪ್ರಸಂಗ ಕೇಳುವ ಅಭ್ಯಾಸ ಕಡಿಮೆ ಎಂಬುದು ನನಗೆ ಗೊತ್ತು.

ಕಳೆದ ವರ್ಷ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರಕ್ಕೆ ಎರಡು ವಾರವೂ ಉಳಿದಿರಲಿಲ್ಲ. ನಾವೆಲ್ಲ ಗಾಬರಿಯಿಂದ ಮಾಡಿದ ಮೊದಲ ಕೆಲಸವೆಂದರೆ ಮೊಬೈಲಿಗೆ ಒಂದು ಸ್ಟ್ಯಾಂಡ್ ಹುಡುಕಿದ್ದು. ಖಾಲಿ ಬೆಂಚುಗಳ ಮುಂದೆ ನಿಂತು ಆಶೀರ್ವಾದ ಹೇಳಿದೆವು. ಯೂಟ್ಯೂಬಿನಲ್ಲಿ ನೋಡಿದವರ ಸಂಖ್ಯೆ ಸಭೆಯ ಸದಸ್ಯರ ಸಂಖ್ಯೆಯನ್ನೂ ಮೀರಿತೆಂದು ಹಿಗ್ಗಿದವರೂ ಇದ್ದರು. ಎಲ್ಲಿಯೋ ಕುಳಿತು ಮೂರು ನಿಮಿಷ ನೋಡಿ ಮುಂದೆ ಸರಿದವರನ್ನೂ ಸಭೆಯ ಲೆಕ್ಕಕ್ಕೆ ಸೇರಿಸುವ ಆ ಹಿಗ್ಗು ನನಗೆ ಆಗಲೂ ಅರ್ಥವಾಗಿರಲಿಲ್ಲ.

ಸೋಂಕಿನ ಈ ದಿನಗಳಲ್ಲಿ ಸಭೆಯನ್ನು ನಿಜವಾಗಿ ನಡೆಸಿದವರು ಯಾರು? ನೀನೇ ಬರೆದಿದ್ದೆಯಲ್ಲ: ಈ ವರ್ಷದ ಮೇ ತಿಂಗಳಲ್ಲಿ ನೀನು ಜ್ವರದಿಂದ ಮಲಗಿದ್ದಾಗ ನಿವೃತ್ತ ನರ್ಸ್ ಒಬ್ಬರು ಆಕ್ಸಿಮೀಟರ್ ಹಿಡಿದು ಓಣಿಯ ಮನೆಮನೆ ತಿರುಗಿದರು, ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗಿಳಿದವರಿಗೆ ತಾವೇ ವಾಹನ ಹುಡುಕಿ ಕಳುಹಿಸಿದರು. ಮಗ್ಗದ ಮನೆಯ ಹುಡುಗನೊಬ್ಬ ಓಣಿಯ ಮುದುಕರಿಗೆಲ್ಲ ಸರ್ಕಾರದ ಕೋವಿನ್ ಜಾಲತಾಣದಲ್ಲಿ ಲಸಿಕೆಯ ಸರದಿ ಕಾದಿರಿಸಿಕೊಟ್ಟ. ಶವಸಂಸ್ಕಾರಕ್ಕೆ ಐದೇ ಜನ ಎಂಬ ನಿಯಮವಿದ್ದಾಗ ಸಭಾಹಿರಿಯರೊಬ್ಬರು ನಡುಗುವ ಧ್ವನಿಯಲ್ಲಿ ಸಮಾಧಿಯ ಪ್ರಾರ್ಥನೆ ಹೇಳಿದರು. ಇವರಲ್ಲಿ ಒಬ್ಬರಿಗೂ ನಮ್ಮ ಶಿಬಿರಗಳಲ್ಲಿ ಈ ಕೆಲಸ ಕಲಿಸಿದವರಿಲ್ಲ. ನಮ್ಮ ಶಿಬಿರ ಎಂದರೆ ದೊಡ್ಡ ಸಭಾಂಗಣ, ಹೊರಗಿನಿಂದ ಬಂದ ಭಾಷಣಕಾರರು, ಒಂದು ಫೈಲು, ಒಂದು ಪೆನ್ನು, ಕೊನೆಯಲ್ಲಿ ಬಿರಿಯಾನಿ. ಬಿರಿಯಾನಿಯ ಬಗ್ಗೆ ನನ್ನ ತಕರಾರಿಲ್ಲ.

ಬೈಬಲಿನ ವಿಮೋಚನಕಾಂಡದ 18ನೆಯ ಅಧ್ಯಾಯವನ್ನು ಮತ್ತೊಮ್ಮೆ ಓದು. ಬೆಳಗಿನಿಂದ ಸಂಜೆಯವರೆಗೆ ಜನರ ದೂರು ಕೇಳುತ್ತ ಕುಳಿತ ಮೋಶೆಗೆ ಇತ್ರೋ, ನೀನೂ ಬಳಲುತ್ತೀಯ, ಜನರನ್ನೂ ಬಳಲಿಸುತ್ತೀಯ ಎನ್ನುತ್ತಾನೆ. ಮಾವನ ಮಾತನ್ನು ಅಳಿಯನೊಬ್ಬ ಮರುಮಾತಿಲ್ಲದೆ ಕೇಳಿದ ಅಪರೂಪದ ಸಂದರ್ಭ ಅದು! ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ಒಬ್ಬೊಬ್ಬರನ್ನು ನೇಮಿಸು ಎಂಬುದು ಅವನ ಸಲಹೆ. ಸಾವಿರ ಜನರ ಮುಂದೆ ನಿಲ್ಲುವವರನ್ನು ತಯಾರಿಸಲು ನಮ್ಮಲ್ಲಿ ದೇವಜ್ಞಾನ ಕಾಲೇಜುಗಳಿವೆ. ಹತ್ತು ಜನರನ್ನು ನೋಡಿಕೊಳ್ಳುವವರಿಗೆ ಏನೂ ಇಲ್ಲ. ಸೋಂಕಿನ ಕಾಲದಲ್ಲಿ ಬೇಕಾಗಿದ್ದವರು ಈ ಹತ್ತರ ನಾಯಕರೇ.

ಮನೆಯಲ್ಲಿದ್ದುಕೊಂಡೇ ಕಲಿಯುವುದು ಕೊರೊನಾ ತಂದ ಹೊಸ ಪದ್ಧತಿಯೂ ಅಲ್ಲ. 1963ರ ಹೊತ್ತಿಗೆ ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಪಾದ್ರಿಗಳನ್ನು ತಯಾರಿಸುವ ಪ್ರೆಸ್ಬಿಟೇರಿಯನ್ ಸೆಮಿನರಿಯವರು ಒಂದು ಸಂಗತಿ ಗಮನಿಸಿದರು. ರಾಜಧಾನಿಗೆ ಓದಲು ಬಂದ ಹಳ್ಳಿಯ ಯುವಕರಲ್ಲಿ ಹಲವರು ಹಿಂದಿರುಗುತ್ತಿರಲಿಲ್ಲ. ಹಳ್ಳಿಯ ಸಭೆಗಳನ್ನು ನಡೆಸುತ್ತಿದ್ದವರು ಹೊಲ, ಸಂಸಾರ ಬಿಟ್ಟು ಬರಲಾಗದ ಹಿರಿಯರು. ಆದ್ದರಿಂದ ವಿದ್ಯಾರ್ಥಿಯನ್ನು ಕರೆತರುವ ಬದಲು ಪಾಠವನ್ನೇ ಅವನಿದ್ದಲ್ಲಿಗೆ ಕಳುಹಿಸಿದರು. ದಿನವೂ ತಾನೇ ಓದಿ ಉತ್ತರ ಬರೆಯುವ ಪುಸ್ತಕ, ವಾರಕ್ಕೊಮ್ಮೆ ಹತ್ತಿರದ ಊರಿನಲ್ಲಿ ಶಿಕ್ಷಕರೊಂದಿಗೆ ಚರ್ಚೆ. ಅದೇ ಜಾಡಿನಲ್ಲಿ 1971ರಲ್ಲಿ ನಮ್ಮ ಬೆಂಗಳೂರಿನಲ್ಲಿ ಮನೆಯಲ್ಲಿದ್ದೇ ದೇವಜ್ಞಾನ ಕಲಿಸುವ ಟಾಫ್ಟೀ (TAFTEE) ಸಂಸ್ಥೆ ಆರಂಭವಾಯಿತು. ಇಂಟರ್ನೆಟ್ ಇಲ್ಲದ ಕಾಲದಲ್ಲಿ ನಡೆದ ಕೆಲಸ ಇದು. ಆ ವಾರದ ಭೇಟಿಯೇ ಇಡೀ ಪದ್ಧತಿಯ ಜೀವ. ಅದನ್ನು ತೆಗೆದುಹಾಕಿದರೆ ಉಳಿಯುವುದು ಅಂಚೆ ಶಿಕ್ಷಣ ಮಾತ್ರ. ಜೂಮ್‌ನ ವಿಷಯದಲ್ಲಿ ನನಗಿರುವ ಅನುಮಾನವೂ ಇದೇ. ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಕಡಿದುಹೋಗುತ್ತದೆ ಎಂಬುದು ಚಿಕ್ಕ ತೊಂದರೆ. ಮನೆಗೊಂದೇ ಸ್ಮಾರ್ಟ್‌ಫೋನ್ ಇರುವಾಗ, ಅದೂ ಮಕ್ಕಳ ಪಾಠಕ್ಕೆ ಬೇಕಾಗಿರುವಾಗ, ನಮ್ಮ ತರಬೇತಿಗೆ ಬರುವವರು ಎರಡು ಫೋನಿರುವ ಮನೆಯವರು ಮಾತ್ರ. ಅವರು ಈಗಾಗಲೇ ಕಮಿಟಿಯಲ್ಲಿದ್ದಾರೆ.

ಹೀಗೆ ಮಾಡು. ಓಣಿಗೊಬ್ಬರಂತೆ ಆರಿಸು. ಕೈಗೆ ಕನ್ನಡದ ಕಿರುಪುಸ್ತಕ ಕೊಡು. ವಾರದ ನಡುವೆ ಐದು ಜನರಿಗೆ ಒಮ್ಮೆಗೇ ಕರೆ ಮಾಡು, ಕಾನ್ಫರೆನ್ಸ್ ಕರೆ ಕೀಪ್ಯಾಡ್ ಫೋನಿಗೂ ಬರುತ್ತದೆ. ಮಳೆ ಬಿಡುವು ಕೊಟ್ಟ ಸಂಜೆ ಚರ್ಚಿನ ಅಂಗಳದಲ್ಲಿ ಮಾಸ್ಕ್ ಹಾಕಿ, ಅಂತರ ಬಿಟ್ಟು ಕೂರಿಸು. ಅಪೊಸ್ತಲ ಪೌಲನೂ ಸೆರೆಯಲ್ಲಿದ್ದು ಶಿಷ್ಯ ತಿಮೊಥೆಯನಿಗೆ ಪತ್ರದಲ್ಲೇ ಪಾಠ ಹೇಳಿದ. ಆದರೆ ಕೊನೆಗೆ ತ್ರೋವದಲ್ಲಿ ಬಿಟ್ಟ ಮೇಲಂಗಿಯನ್ನೂ ಪುಸ್ತಕಗಳನ್ನೂ ತೆಗೆದುಕೊಂಡು ಚಳಿಗಾಲಕ್ಕೆ ಮುಂಚೆ ಬಾ ಎಂದು ಕರೆದ.

ಏನು ಕಲಿಸುವುದು? ಸಮಾಧಿಯ ಪ್ರಾರ್ಥನೆ ಮೊದಲು. ಆಮೇಲೆ ಫೋನಿನಲ್ಲಿ ರೋಗಿಯ ಮಾತು ಕೇಳುವುದು: ತಂದೆಯನ್ನು ಕಳೆದುಕೊಂಡವನಿಗೆ ಮೊದಲ ನಿಮಿಷದಲ್ಲೇ "ದೇವರ ಚಿತ್ತ" ಎನ್ನದಿರುವುದೂ ಅದರಲ್ಲಿ ಸೇರಿದೆ. ಪರಿಹಾರಕ್ಕೆಂದು ಬಂದ ಹಣ, ದಿನಸಿ ಕಿಟ್‌ಗಳ ಲೆಕ್ಕ ಬರೆದು ಎಲ್ಲರೆದುರು ಓದುವುದು. ಮೃಗದ ಗುರುತಿನ ಮಾತು ಬರುವ ಪ್ರಕಟನೆ ಪುಸ್ತಕದ 13ನೆಯ ಅಧ್ಯಾಯವನ್ನು ಬಿಡಬೇಡ. ಲಸಿಕೆಯೇ ಮೃಗದ ಗುರುತು ಎಂಬ ವಾಟ್ಸಾಪ್ ಸಂದೇಶ ನಿನಗೂ ಬಂದಿರಬೇಕು. ಅದನ್ನು ನಂಬಿ ಲಸಿಕೆ ಬೇಡವೆನ್ನುವ ಅಜ್ಜಿಗೆ ವೈದ್ಯರ ಮಾತು ಸಾಲದು. ಸತ್ಯವೇದವನ್ನು ಅವಳ ಎದುರಿಗೇ ತೆರೆದು ಓದಿ ಹೇಳುವವರು ಅದೇ ಓಣಿಯಲ್ಲಿರಬೇಕು. 1527ರಲ್ಲಿ ವಿಟೆನ್‌ಬರ್ಗ್‌ನಲ್ಲಿ ಪ್ಲೇಗ್ ಬಂದಾಗ ಊರು ಬಿಡದೆ ನಿಂತ ಮಾರ್ಟಿನ್ ಲೂಥರ್, ಇಂಥ ಪಿಡುಗಿನಲ್ಲಿ ಓಡಿಹೋಗಬಹುದೇ ಎಂದು ಕೇಳಿದ ಬ್ರೆಸ್ಲಾವ್‌ನ ಪಾದ್ರಿಯೊಬ್ಬರಿಗೆ ಬರೆದ ಉತ್ತರವನ್ನೂ ಕನ್ನಡದಲ್ಲಿ ಸಂಗ್ರಹಿಸಿ ಕಳುಹಿಸುತ್ತೇನೆ. ನೆರೆಯವನಿಗೆ ಬೇಕಾದರೆ ಹೋಗು, ಬೇಡವಾದ ಕಡೆ ಸುಳಿಯಬೇಡ, ಔಷಧವನ್ನು ತೆಗೆದುಕೋ ಎನ್ನುವ ಆ ಮಾತಿನಲ್ಲಿ ಭಂಡಧೈರ್ಯವೂ ಇಲ್ಲ, ಪುಕ್ಕಲುತನವೂ ಇಲ್ಲ.

ರೊಟ್ಟಿ, ದ್ರಾಕ್ಷಾರಸದ ಕರ್ತನ ಭೋಜನವನ್ನು ಮೊಬೈಲ್ ಪರದೆಯ ಮುಂದೆ ತೆಗೆದುಕೊಳ್ಳಬಹುದೇ ಎಂಬ ಜಗಳವನ್ನು ಈ ತರಬೇತಿಗೆ ತರಬೇಡ. ಅದನ್ನು ಬಿಷಪ್ಪರು ನೋಡಿಕೊಳ್ಳಲಿ.

ಇನ್ನು ನಿನ್ನ ವಿಷಯ. ಸೋಂಕು ಹೋಗಿ ವಾರಗಳಾದರೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ಬರೆದು, ಮುಂದಿನ ಸಾಲಿನಲ್ಲೇ ಭಾನುವಾರ ಎರಡು ಆರಾಧನೆ ನಡೆಸುತ್ತೇನೆ ಎಂದಿದ್ದೀಯ. ಒಂದನ್ನು ಆ ಸಭಾಹಿರಿಯರಿಗೆ ಒಪ್ಪಿಸು. ತರಬೇತಿ ಅಲ್ಲಿಂದಲೇ ಶುರುವಾಗಲಿ.

ಹೆಸರುಗಳ ಪಟ್ಟಿ ಬೇಗ ಕಳುಹಿಸು, ಎಷ್ಟು ಪುಸ್ತಕ ಬೇಕೆಂದು ನೋಡಿ ಬಸ್ ಪಾರ್ಸಲ್‌ನಲ್ಲಿ ಹಾಕುತ್ತೇನೆ. ಪಟ್ಟಿಯಲ್ಲಿ ಅರ್ಧದಷ್ಟಾದರೂ ಹೆಂಗಸರಿರಲಿ. ಕಮಿಟಿಯವರು ಒಪ್ಪುವುದಿಲ್ಲ ಎನ್ನುತ್ತೀಯ. ಒಪ್ಪದಿದ್ದರೆ ನನ್ನ ನಂಬರ್ ಕೊಡು, ನಾನು ಮಾತನಾಡುತ್ತೇನೆ. ಮನೆಯಲ್ಲಿ ಎಲ್ಲರಿಗೂ ವಂದನೆ ತಿಳಿಸು.

ಇಂತಿ ನಿನ್ನ ಗೆಳೆಯ