ಕಸೂತಿಯನ್ನು ಹೊಳ್ಳಿಸಿ ನೋಡಲು ಬಿಡಿ

ಸಂಪಾದಕರಿಗೆ ನಮಸ್ಕಾರ.

ಈಚೆಗೆ ಧಾರವಾಡದಲ್ಲಿ ಒಂದು ಕಸೂತಿ ಪ್ರದರ್ಶನ ಮತ್ತು ಮಾರಾಟ ಮೇಳಕ್ಕೆ ಹೋಗಿದ್ದೆ. ಏರ್ಪಾಡು ಮಾಡಿದವರ ಹೆಸರು ಹೇಳುವುದಿಲ್ಲ, ಅವರ ಮೇಲೆ ಸಿಟ್ಟೂ ಇಲ್ಲ, ಯಾಕೆಂದರೆ ಇಂಥ ಮೇಳ ಎಲ್ಲಿ ನಡೆದರೂ ಹೆಚ್ಚುಕಡಿಮೆ ಇದೇ ಹಣೆಬರಹ. ನಾನು ಕೇಳುವುದು ಇಷ್ಟೇ. ಬಟ್ಟೆಯ ಹಿಂದಿನ ಮಗ್ಗಲನ್ನೂ ನೋಡಲು ಬಿಡಿ. ಕೈಯಿಂದ ಹಾಕಿದ್ದೋ ಮಷೀನಿನದೋ, ಹಾಕಿದವರು ಯಾರು ಅಂತ ಚೀಟಿಯ ಮೇಲೆ ಬರೆಯಿರಿ.

ನನ್ನ ಜೊತೆ ಬಂದ ಗೆಳತಿ ಇದೇ ಊರಿನವಳು. ಅವಳ ಅವ್ವ, ಅಜ್ಜಿ ಇಬ್ಬರೂ ಕಸೂತಿ ಹಾಕುತ್ತಿದ್ದವರು. ಅವಳಿಗೂ ಬರುತ್ತದೆ, ಈಗ ಕಣ್ಣು ಸಾಲುವುದಿಲ್ಲ ಅಂತ ಬಿಟ್ಟಿದ್ದಾಳೆ. ನಾನು ಬಣ್ಣ ನೋಡಿ, ರೇಟು ನೋಡಿ ಮುಂದೆ ಹೋಗುವವಳು. ಅವಳು ಹಾಗಲ್ಲ, ಸೀರೆ ಕೈಗೆ ಸಿಕ್ಕ ಕೂಡಲೇ ಸೆರಗು ಹೊಳ್ಳಿಸಿ ಹಿಂದೆ ಬೆರಳಾಡಿಸುತ್ತಾಳೆ. ಆದರೆ ಅಲ್ಲಿ ಒಳ್ಳೊಳ್ಳೆ ಇಳಕಲ್ ಸೀರೆಗಳನ್ನೆಲ್ಲ ಬೋರ್ಡಿಗೆ ಪಿನ್ನು ಚುಚ್ಚಿ ಬಿಗಿದಿದ್ದರು, ಸಣ್ಣ ತುಂಡುಗಳು ಗಾಜಿನ ಫ್ರೇಮಿನೊಳಗೆ, ಮೇಲೆ ‘ಮುಟ್ಟಬೇಡಿ’ ಅಂತ ಬೇರೆ. “ಹಿಂದ ನೋಡಾಕ ಬಿಡಲಿಲ್ಲಂದ್ರ ಇಷ್ಟೆಲ್ಲಾ ಯಾಕ ಇಡಬೇಕವಾ, ಕ್ಯಾಲೆಂಡರ್ ತೂಗು ಹಾಕಿದ್ರ ಆಗತಿತ್ತಲ್ಲ” ಅಂದಳು, ಸ್ವಲ್ಪ ಜೋರಾಗಿಯೇ.

ಅವಳ ಮಾತಿನಲ್ಲಿ ಅರ್ಥ ಇದೆ. ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುವುದಿಲ್ಲ, ಅಚ್ಚು ಒತ್ತುವುದಿಲ್ಲ. ನೇಯ್ಗೆಯ ಎಳೆ ಎಣಿಸಿಯೇ ಹಾಕಬೇಕು. ಗವಂತಿ ಅನ್ನುವ ಹೊಲಿಗೆಯಲ್ಲಿ ಸೂಜಿ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಡುತ್ತಾ ಹೋಗುತ್ತದೆ, ಅದೇ ದಾರಿಯಲ್ಲಿ ಮರಳಿ ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರುತ್ತದೆ. ಹಾಗಾಗಿ ಮುಂದೆ ಗೋಪುರ ಇದ್ದರೆ ಹಿಂದೆಯೂ ಅದೇ ಗೋಪುರ, ಗಂಟಿನ ಸುಳಿವೇ ಇರುವುದಿಲ್ಲ. ಮುರಗಿ ಹೊಲಿಗೆಯೂ ಹೀಗೇ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ ಅಷ್ಟೇ. ಸೂಜಿ ಹೊರಟ ಜಾಗಕ್ಕೆ ವಾಪಸ್ ಬರಬೇಕಲ್ಲ, ಅದಕ್ಕೆ ಯಾವ ಕವಲಿಗೆ ಹೋಗುವಾಗ ಹೋಗಬೇಕು, ಯಾವುದನ್ನು ಬರುವಾಗ ಮುಗಿಸಬೇಕು ಅಂತ ತಲೆಯಲ್ಲೇ ಲೆಕ್ಕ ಇರಬೇಕು. ಒಂದು ಎಳೆ ತಪ್ಪಿದರೆ ತೇರಿನ ಗಾಲಿ ವಾಲುತ್ತದೆ. ಬಿಚ್ಚಬೇಕು, ಮತ್ತೆ ಹಾಕಬೇಕು. ಈ ಲೆಕ್ಕವೆಲ್ಲ ಸಿಗುವುದು ಹಿಂದಿನ ಮಗ್ಗಲಲ್ಲಿ, ಅದನ್ನೇ ಬೋರ್ಡಿಗೆ ಅಂಟಿಸಿಟ್ಟರೆ ಹೇಗೆ?

ಒಂದು ಮಾತು ಇಲ್ಲೇ ಸೇರಿಸಿಬಿಡುತ್ತೇನೆ, ಇಲ್ಲದಿದ್ದರೆ ಬಲ್ಲವರು ತಕರಾರು ತೆಗೆಯುತ್ತಾರೆ. ನೇಗಿ ಮತ್ತು ಮೆಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣುವುದಿಲ್ಲ. ನೇಗಿಯಲ್ಲಿ ಎಳೆ ನೇಯ್ದ ಹಾಗೆ ಓಡುತ್ತದೆ, ಹಿಂದೆ ಅದರ ಉಲ್ಟಾ ಮೂಡುತ್ತದೆ. ಮೆಂತಿ ಅಂದರೆ ಅಡ್ಡಡ್ಡ ಹೊಲಿಗೆ, ದಾರ ಜಾಸ್ತಿ ಬೇಡುತ್ತದೆ. ಆದರೂ ಪಳಗಿದ ಕೈ ಯಾವುದು ಅಂತ ಹಿಂದೆ ನೋಡಿದರೆ ಗೊತ್ತಾಗುತ್ತದೆ.

ಈಗ ಮಾರಾಟದ ಮಳಿಗೆಗೆ ಬರುತ್ತೇನೆ, ನನಗೆ ಬೇಸರ ಆಗಿದ್ದು ಅಲ್ಲಿ. ಎರಡು ದುಪಟ್ಟಾ ಪಕ್ಕಪಕ್ಕ ನೇತಾಡುತ್ತಿದ್ದವು. ಎರಡರ ಮೇಲೂ ಆನೆ ಅಂಬಾರಿ, ಎರಡರ ಮೇಲೂ ತುಳಸಿ ಕಟ್ಟೆ. ಎರಡರ ಚೀಟಿಯಲ್ಲೂ ‘ಕಸೂತಿ ದುಪಟ್ಟಾ’ ಅಂತ ಬರೆದಿತ್ತು, ಬೆಲೆ ಮಾತ್ರ ಅಜಗಜಾಂತರ. ಕಡಿಮೆ ಬೆಲೆಯದನ್ನು ಗೆಳತಿ ಹೊಳ್ಳಿಸಿದಳು. ಹಿಂದೆ ಬಿಳಿ ದಾರ, ಅಲ್ಲಲ್ಲಿ ಕತ್ತರಿಸಿದ ತುದಿಗಳು, ಹಾಳೆಯಂಥ ಗಟ್ಟಿ ಬಟ್ಟೆಯೊಂದು ಕೈಗೆ ಚುಚ್ಚುತ್ತಿತ್ತು. ಕಂಪ್ಯೂಟರ್ ಎಂಬ್ರಾಯ್ಡರಿ. ಮಾರುವವರನ್ನು ಕೇಳಿದರೆ “ಎರಡೂ ಕಸೂತಿನೇ ರೀ, ಡಿಸೈನ್ ಒಂದೇ ಅಲ್ರೀ” ಅಂದರು. ಅಷ್ಟರಲ್ಲಿ ಕಾಲೇಜು ಹುಡುಗಿಯೊಬ್ಬಳು ಬಂದು ಎರಡನ್ನೂ ನೋಡಿ, ಇದು ಯಾಕೆ ಅಷ್ಟು ದುಬಾರಿ, ಮೋಸ ಮಾಡ್ತಾರೆ ಅಂತ ಗೊಣಗಿ ಮಷೀನಿನದನ್ನು ಕೊಂಡು ಹೋದಳು.

ಅವಳದೇನು ತಪ್ಪು? ಚೀಟಿ ಹೇಳಿದ್ದನ್ನು ನಂಬಿದಳು. ಮಷೀನ್ ಕೆಲಸ ಕೆಟ್ಟದ್ದು ಅಂತಲೂ ನನ್ನ ವಾದ ಅಲ್ಲ, ಕಡಿಮೆ ದುಡ್ಡಿಗೆ ಚೆಂದದ ದುಪಟ್ಟಾ ಬೇಕು ಅನ್ನುವವರಿಗೆ ಅದೂ ಇರಲಿ. ಆದರೆ ಮಷೀನಿನದು ಅಂತ ಹೇಳಿ ಮಾರಬೇಕು. ಹೇಳದೆ ಪಕ್ಕಪಕ್ಕ ತೂಗು ಹಾಕಿದರೆ ಕೈಯಿಂದ ಹಾಕಿದವಳೇ ಕಳ್ಳಿಯ ಹಾಗೆ ಕಾಣುತ್ತಾಳೆ, ಅಲ್ವಾ? ಮನೆಗೆಲಸ ಮುಗಿಸಿ, ಕಿಟಕಿ ಬೆಳಕಿಗೆ ಕೂತು, ತುಂಡಿಗೆ ಇಷ್ಟು ಅಂತ ಸಿಗುವ ದುಡ್ಡಿಗೆ ಹಾಕುವ ಹೆಂಗಸರು ಅವರು. ಕಸೂತಿಗೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದ್ದು 2005-06ರಲ್ಲಿ. ಇಷ್ಟು ವರ್ಷ ಆದರೂ ಮೇಳದ ಮೇಜಿನ ಮೇಲೆ ಅದರ ಗುರುತೇ ಕಾಣದಿದ್ದರೆ ಕೊಳ್ಳುವವರಿಗೆ ಅದರಿಂದ ಏನು ಬಂತು?

ಗೊಂದಲ ಇನ್ನೂ ಇದೆ. ರೇಷ್ಮೆ, ಕ್ರೇಪ್ ಮೇಲೆ ಎಳೆ ಎಣಿಸಲು ಬರುವುದಿಲ್ಲ. ಆಗ ಮೇಲೆ ಮ್ಯಾಟಿ ಅನ್ನುವ, ಎಳೆ ಎದ್ದು ಕಾಣುವ ಬಟ್ಟೆ ಇಟ್ಟು ಟಾಕು ಹಾಕಿ, ಅದರ ಎಳೆ ಎಣಿಸಿ ಕಸೂತಿ ಹಾಕುತ್ತಾರೆ, ಮುಗಿದ ಮೇಲೆ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಅದೂ ಕೈ ಕೆಲಸವೇ. ಚೀಟಿಯಲ್ಲಿ ಎರಡು ಸಾಲು ಇದ್ದರೆ ಕೊಳ್ಳುವವರಿಗೆ ಇದೆಲ್ಲ ತಿಳಿಯುತ್ತದೆ.

ಹೆಸರಿನ ಮಾತಿಗೆ ಬಂದರೆ, 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರಿನ ಲಂಬಾಣಿ ಕಸೂತಿಯ (ಅದು ಬೇರೆ ಥರದ್ದು) 1755 ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಆಯಿತು. 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೆಲಸ ಅದು. ಸಂಖ್ಯೆ ನಮಗೆಲ್ಲ ಬಾಯಿಪಾಠ, ಅವರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ. ನಮ್ಮೂರಿನ ಮೇಳದಲ್ಲೂ ಉದ್ಘಾಟನೆ ಮಾಡಿದವರ ಹೆಸರು ಫ್ಲೆಕ್ಸಿನ ಮೇಲೆ ದೊಡ್ಡದಾಗಿತ್ತು, ಸೀರೆಗೆ ಕಸೂತಿ ಹಾಕಿದವರದು ಎಲ್ಲೂ ಇರಲಿಲ್ಲ. ಚಿತ್ರಕಲಾ ಪ್ರದರ್ಶನದಲ್ಲಿ ಚಿತ್ರದ ಕೆಳಗೆ ಬರೆದವರ ಹೆಸರಿಲ್ಲದಿದ್ದರೆ ಸುಮ್ನೆ ಇರುತ್ತಾರಾ?

ಏರ್ಪಾಡು ಮಾಡಿದವರದೂ ಒಂದು ನ್ಯಾಯ ಇದೆ, ಒಪ್ಪುತ್ತೇನೆ. ನೂರಾರು ಜನ ಬಂದು ಗಿರಮಿಟ್ ತಿಂದ ಕೈಯಲ್ಲಿ ಹಳೆ ಸೀರೆ ಮುಟ್ಟಿದರೆ ಗತಿ ಏನು? ಆದರೆ ಇದಕ್ಕೆ ಭಾರೀ ಖರ್ಚೇನೂ ಬೇಡ. ಫ್ರೇಮಿಗೆ ಎರಡೂ ಕಡೆ ಗಾಜು ಹಾಕಿ ನಡುವೆ ತೂಗು ಹಾಕಿದರೆ ಜನ ಸುತ್ತು ಹಾಕಿ ನೋಡುತ್ತಾರೆ. ಸೀರೆಯ ಸೆರಗಿನ ತುದಿಯೊಂದನ್ನು ಮಡಚಿ ಇಟ್ಟರೂ ಸಾಕು. ಮುಟ್ಟಿ ನೋಡಲು ಅಂತಲೇ ನಾಲ್ಕು ಹೊಲಿಗೆಯ ಒಂದೊಂದು ತುಂಡು, ಅದರ ಪಕ್ಕ ಒಂದು ಮಷೀನಿನ ತುಂಡು ಮೇಜಿನ ಮೇಲೆ ಇಡಿ, ಶಾಲೆ ಮಕ್ಕಳಿಗೂ ಐದು ನಿಮಿಷದಲ್ಲಿ ವ್ಯತ್ಯಾಸ ತಿಳಿಯುತ್ತದೆ. ನಿಮ್ಮ ಪತ್ರಿಕೆಯವರೂ ಇಂಥ ಮೇಳದ ವರದಿ ಬರೆಯುವಾಗ ದೀಪ ಬೆಳಗಿಸಿದವರ ಫೋಟೋ ಸ್ವಲ್ಪ ಸಣ್ಣದು ಮಾಡಿ, ಕಸೂತಿ ಹಾಕಿದ ಹೆಣ್ಣುಮಕ್ಕಳ ಜೊತೆ ಎರಡು ಮಾತಾಡಿ ಬರೆಯಬಾರದೇ?

ಮುಂದಿನ ಮೇಳಕ್ಕೆ ಯಾರಾದರೂ ಮುಟ್ಟಿ ನೋಡುವ ಮೇಜು ಇಡುತ್ತೇವೆ ಅಂದರೆ ಗೆಳತಿ ತನ್ನ ಅಜ್ಜಿ ಕಸೂತಿ ಹಾಕಿದ ಕುಂಚಿಗೆಯೊಂದನ್ನು (ಕೂಸಿನ ಟೊಪ್ಪಿಗೆ) ಕೊಡಲು ತಯಾರಿದ್ದಾಳೆ. ಕಪ್ಪು ಚಂದ್ರಕಾಳಿ ಸೀರೆಯನ್ನೂ ಕೇಳಿ ನೋಡಿದೆ, ಅದಕ್ಕೆ ಮಾತ್ರ “ಅದನ್ನ ಯಾರಿಗೂ ಕೊಡಂಗಿಲ್ಲ, ಬೇಕಾದ್ರ ನಾನs ಹೊತ್ತಗೊಂಡು ಬಂದು ಅಲ್ಲೇ ಕುಂದರತೀನಿ, ಕೈ ತೊಳಕೊಂಡು ಬರಾಕ ಹೇಳು” ಅಂದಿದ್ದಾಳೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ಧಾರವಾಡ